ಹನ್ನೊಂದು ವರ್ಷ ನಿಂತ ಗಾಲಿ

ಕಾಕಾನ ಫೋನು ಬಂದಾಗ ನಾನು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಯಾಬಿನೊಳಗೆ ಕೂತಿದ್ದೆ. ಅವರು ಫೋನು ಮಾಡುವುದೇ ಅಪರೂಪ.

"ಜೀಪ ಗುಜರಿಗಿ ಕೊಡ್ಲತ್ತೀನಿ. ಎಳ್ಳಮಾಸಿ ಮರುದಿನ ಬಂದು ಒಯ್ತಾರ. ನಿಮ್ಮಪ್ಪನ ಸಾಮಾನೇನರ ಒಳಗಿದ್ರ ಬಂದು ತಗೊಂಡು ಹೋಗು" ಅಂದವರು ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟರು.

ಆ ಜೀಪು ಔರಾದ ತಾಲ್ಲೂಕಿನ ನಮ್ಮ ಹೊಲದ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ. ಸೇನೆಯ ಹಳೆ ಗಾಡಿಗಳ ಹರಾಜಿನಲ್ಲಿ ಅಜ್ಜ ಕೊಂಡಿದ್ದ ಮಹೀಂದ್ರಾ ಜೀಪು ಅದು. 1948ರ ಸೆಪ್ಟೆಂಬರ್ 17ರಂದು ಭಾರತೀಯ ಸೇನೆ ಬೀದರ್ ಹೊಕ್ಕಾಗ ಅಜ್ಜ ಇನ್ನೂ ಹುಡುಗ. ಆವತ್ತು ಮಿಲಿಟರಿ ಜೀಪು ನೋಡಿದ್ದು ಅವರ ತಲೆಯಲ್ಲಿ ಹಾಗೇ ಕೂತುಬಿಟ್ಟಿತ್ತಂತೆ. ನಾಲ್ಕು ಕಾಸು ಕೈಗೆ ಬಂದಾಗ ಮೊದಲು ತಂದದ್ದು ಜೀಪನ್ನೇ, ಅಜ್ಜಿಗೆ ಬಂಗಾರ ಆಮೇಲೆ.

ಈ ಜೀಪಿನ ಮೂಲ ಎರಡನೇ ಮಹಾಯುದ್ಧದ್ದು. ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ಮಹೀಂದ್ರಾದವರು 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದರು. ಮುಂದೆ ಎಷ್ಟೋ ದಶಕ ನಮ್ಮ ಸೇನೆ, ಪೊಲೀಸು, ನೀರಾವರಿ ಇಲಾಖೆ, ಚುನಾವಣಾ ಪ್ರಚಾರ ಎಲ್ಲಕ್ಕೂ ಅದೇ ಜೀಪು.

ನಮ್ಮ ಮನೆಯಲ್ಲಿ ಮಾತ್ರ ಜೀಪು ಅಂದರೆ ಜಗಳದ ಹೆಸರು. ಹನ್ನೊಂದು ವರ್ಷದ ಹಿಂದೆ, ಬಿಸಿಲುಕಾಲದಲ್ಲಿ, ಮಾಂಜ್ರಾ ಹೊಳೆಯ ಕೆಸರಿನಲ್ಲಿ ಸಿಕ್ಕಿಬಿದ್ದ ನೆಂಟರ ಟ್ರಾಲಿಯನ್ನು ಎಳೆಯಲು ಅಪ್ಪ ಜೀಪು ಒಯ್ದರು. ಗಾಲಿಯ ನಡುಮಟ್ಟ ನೀರಲ್ಲಿ ಒಂದು ತಾಸು ಎಳೆದರು. ಎಂಟು ದಿನದಲ್ಲಿ ಜೀಪಿನ ಮುಂದಿನ ಗಾಲಿಗಳು ನಿಂತುಬಿಟ್ಟವು. "ಹೊಳಿಗಿ ಒಯ್ದು ಆಕ್ಸಲ್ ಮುರ್ದಿ" ಅಂತ ಕಾಕಾ, "ಮುರ್ದಿಲ್ಲ" ಅಂತ ಅಪ್ಪ. ಮಾತಿಗೆ ಮಾತು ಬೆಳೆದು ಹೊಲದ ಪಾಲು, ಬಾವಿಯ ಖರ್ಚು ಎಲ್ಲಾ ಹೊರಗೆ ಬಂತು. ಐದು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಕಾಕಾ ಮಣ್ಣಿಗೆ ಬಂದರು, ಮೂಲೆಯಲ್ಲಿ ನಿಂತರು, ಹೋದರು. ಆಮೇಲೆ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ.

ಗುಜರಿಗೆ ಕೊಡುವುದು ಕಾಕಾನ ಹಕ್ಕು. ಆದರೆ ಅಪ್ಪ ನಿಜವಾಗಿಯೂ ಮುರಿದಿದ್ದರಾ ಎಂಬುದು ಗುಜರಿಯವನ ಲಾರಿ ಹತ್ತುವ ಮೊದಲು ಗೊತ್ತಾಗಬೇಕು ಅನಿಸಿತು. ನಾಲ್ಕು ದಿನ ರಜೆ ಹಾಕಿ, ಯಶವಂತಪುರದಲ್ಲಿ ರೈಲು ಹತ್ತಿದೆ.

ಬೀದರ್: ಅವ್ವ ಹೇಳಿದ ಒಂದು ಮಾತು

ಡಿಸೆಂಬರ್ ತಿಂಗಳ ಬೀದರ್ ನೋಡಿಲ್ಲವೆಂದರೆ ಒಮ್ಮೆ ಬನ್ನಿ. ಬೆಂಗಳೂರಿನ ಚಳಿ ಇದರ ಮುಂದೆ ಏನೂ ಅಲ್ಲ. ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ ಊರು ಕೂತಿದೆ. ಅದೇ ಕಲ್ಲನ್ನು ಕಡಿದು ಕೋಟೆಗೆ ಮೂರು ಸುತ್ತಿನ ಕಂದಕ ತೋಡಿದ್ದಾರೆ. ಹಳೆ ಊರಿನೊಳಗೆ 1472ರ ಮಹಮೂದ್ ಗವಾನ್ ಮದರಸಾ ಇದೆ. ಸಿಡಿಮದ್ದು ಸ್ಫೋಟಿಸಿ ಅರ್ಧ ಹಾರಿಹೋದ ಮೇಲೂ ಉಳಿದ ಮಿನಾರಿನ ಮೇಲೆ ನೀಲಿ ಹೆಂಚು ಹೊಳೆಯುತ್ತದೆ. ಬೆಳಗಾದರೆ ಏರ್‌ಫೋರ್ಸ್ ಸ್ಟೇಷನ್ನಿನ ಹಾಕ್ ತರಬೇತಿ ವಿಮಾನಗಳ ಸದ್ದು. ನಮ್ಮೂರಲ್ಲಿ ಅಲಾರಂ ಬೇಕಿಲ್ಲ.

ಮನೆ ಚೌಬಾರಾದಿಂದ ಸ್ವಲ್ಪ ದೂರ. ಸುಸಲಾ ತಿನ್ನುತ್ತಾ ಅವ್ವನಿಗೆ ಬಂದ ಕಾರಣ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ವರ್ಷ ಯುಗಾದಿಗಿ ಊರಿಂದ ಬರಾಗ ನಿಮ್ಮಪ್ಪಾರು ದಾರಿ ತುಂಬ ಬೈಲತ್ತಿದ್ರು. ಜೀಪ ಬಲಕ್ಕ ಎಳಿತದ, ಸುಟ್ಟ ವಾಸನಿ ಬರ್ತದ ಅಂತ. ನಾ ಇಳಿಯಾಗ ಬಲಗಾಲಿ ಬಲ್ಲಿ ನಿಂತ್ರ ಒಲಿ ಮುಂದ ನಿಂತಂಗಿತ್ತು."

ಯುಗಾದಿ ಮಾರ್ಚ್–ಏಪ್ರಿಲ್‌ನಲ್ಲಿ. ಹೊಳೆಗೆ ಒಯ್ದದ್ದು ಮೇ ತಿಂಗಳಲ್ಲಿ. ಆಗ ನನಗೆ ಅದು ಹೊಳೆಯಲಿಲ್ಲ, ಸುಮ್ಮನೆ ತಲೆಯಲ್ಲಿಟ್ಟುಕೊಂಡೆ.

ಹಿಂದೆ ಜೀಪು ನೋಡಿಹೋಗಿದ್ದ ಗ್ಯಾರೇಜಿನವರನ್ನು ವಿಚಾರಿಸಿದೆ. ಅವರಿಗೆ ನೆನಪಿತ್ತು. "ಮುಂದಿಂದು ಜ್ಯಾಕ್ ಹಾಕಿ ನೋಡೀವ್ರಿ. ಎರಡೂ ಗಾಲಿ ಅಲ್ಲಾಡಿಲ್ಲ. ಆಕ್ಸಲ್ ಪೂರಾ ಜಾಮ್. ಬ್ಯಾರೆ ಆಕ್ಸಲ್ ಹಾಕಬೇಕು, ಇಲ್ಲಾ ಬಿಡಬೇಕು." ಅವರು ಹೇಳಿದ ಮೊತ್ತ ಗುಜರಿ ಬೆಲೆಗಿಂತ ಜಾಸ್ತಿ.

ಮನೆಗೆ ಬರುವ ದಾರಿಯಲ್ಲಿ ಬಿದರಿ ಕೆಲಸದ ಅಂಗಡಿ. ಸತು, ತಾಮ್ರದ ಮಿಶ್ರಣದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ನೀರಲ್ಲಿ ಕಾಸಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಮಣ್ಣು ಸರಿಯಿದೆಯೋ ಇಲ್ಲವೋ ಅಂತ ಹಳೆ ಕೆಲಸಗಾರರು ನಾಲಿಗೆ ಮೇಲಿಟ್ಟು ನೋಡುತ್ತಾರೆ. ಅಂಗಡಿಯ ಹಿರಿಯರಿಗೆ ನನ್ನ ಕಥೆ ಹೇಳಿದಾಗ ನಕ್ಕು, "ಭಾಲ್ಕಿದಾಗ ಒಬ್ಬ ಉಸ್ತಾದ್ ಹಾನ. ಕಾರಂಜಾ ಡ್ಯಾಮ್ ಕಟ್ಟಾಗ ಅಲ್ಲಿ ಜೀಪಿನ ಕೆಲಸ ಮಾಡ್ಯಾನ. ಹೋಗಿ ನೋಡು" ಅಂದರು.

ಭಾಲ್ಕಿ: ಕೈ ಹಚ್ಚುವ ಮೊದಲು ಮೂರು ಪ್ರಶ್ನೆ

ಬೀದರಿನಿಂದ ಭಾಲ್ಕಿ ಸುಮಾರು 40 ಕಿಲೋಮೀಟರ್. ಗೆಳೆಯನ ಬೈಕು ತಗೊಂಡು ಹೊರಟೆ. ಊರು ದಾಟಿ ಇಳಿಜಾರು ಇಳಿದರೆ ಕೆಂಪು ಮಣ್ಣು ಮುಗಿದು ಕರಿಮಣ್ಣು ಶುರು. ರಸ್ತೆಯ ಎರಡೂ ಕಡೆ ಕಟಾವಿಗೆ ಬಂದ ತೊಗರಿ, ನಡುನಡುವೆ ಕಡಲೆಯ ಹಸಿರು. ಹಲಬರ್ಗಾದಲ್ಲಿ ಚಹಾ ಕುಡಿದು, ಹತ್ತರ ಸುಮಾರಿಗೆ ಭಾಲ್ಕಿ ತಲುಪಿದೆ.

ಉಸ್ತಾದರಿಗೆ ಎಪ್ಪತ್ತು ದಾಟಿದೆ. ಅಂಗಡಿ ಈಗ ಮಗನ ಕೈಯಲ್ಲಿ, ಬೈಕುಗಳ ರಿಪೇರಿ. ಇವರು ಬಿಸಿಲಿಗೆ ಕುರ್ಚಿ ಹಾಕಿ ಕೂತಿದ್ದರು. ಗ್ಯಾರೇಜಿನವರ ಮಾತು ಹೇಳಿದೆ. ಬೇಡ ಅನ್ನುವಂತೆ ಕೈ ಎತ್ತಿದರು.

"ಆಕ್ಸಲ್ ಜಾಮ್ ಅಂಬೋದು ರೋಗಿನ ಹೆಸರಲ್ಲ ಬೇಟಾ. ಜ್ವರ ಬಂದಂಗ ಅದು. ಯಾಕ ಬಂತು ಅಂಬೋದು ಬ್ಯಾರೆ. ಮೂರು ಮಾತು ಹೇಳು. ನಡಿಯಾಗ ನಿಂತದ್ದೋ, ನಿಂತಾಗ ಹಿಡಿದದ್ದೋ?"

"ರಾತ್ರಿ ನಿಲ್ಲಿಸಿದ್ರಂತೆ, ಬೆಳಿಗ್ಗೆ ಅಲ್ಲಾಡಲಿಲ್ಲ."

"ಕಟ್ ಅಂತ ಸಪ್ಪಳ ಬಂದಿತ್ತೇನು?"

"ಇಲ್ಲ."

"ಸ್ಟೇರಿಂಗ್ ತಿರುಗ್ತದೇನು?"

"ತಿರುಗ್ತದಂತೆ."

"ಹಲ್ಲು ಮುರಿದ್ರ ಸಪ್ಪಳ ಮಾಡೇ ಮುರಿತದ. ಸ್ಟೇರಿಂಗ್ ತಿರುಗ್ತದ ಅಂದ್ರ ಕಿಂಗ್‌ಪಿನ್ ಛಲೋ ಅದ. ಸುಮ್ನ ನಿಂತದ ಅಂದ್ರ ಏನೋ ಹಿಡಕೊಂಡದ, ಮುರಿದಿಲ್ಲ." ಆಮೇಲೆ ಅವ್ವ ಹೇಳಿದ ಬಲಕ್ಕೆ ಎಳೆಯುವ ಮಾತು ಹೇಳಿದೆ. ಉಸ್ತಾದರು ಕುರ್ಚಿಯಿಂದ ಎದ್ದರು. "ಇದು ಮೊದಲೇ ಹೇಳಬಾರದೇನು?" ಅಂತ ಮಗನಿಗೆ ಪಾನಾ ಚೀಲ ತರಲು ಹೇಳಿದರು.

ಮಾಂಜ್ರಾ ದಾಟಿ ಔರಾದಕ್ಕೆ

ಉಸ್ತಾದರ ಮಗನ ಗೂಡ್ಸ್ ಆಟೋದಲ್ಲಿ ಮೂವರೂ ಹೊರಟೆವು. ಭಾಲ್ಕಿಯಿಂದ ಔರಾದಕ್ಕೆ ಮಾಂಜ್ರಾ ದಾಟಬೇಕು. ಸೇತುವೆ ಮೇಲಿಂದ ನೋಡಿದರೆ ಹೊಳೆ ಅಗಲವಾಗಿ, ಸಾವಕಾಶ, ಏನೂ ಗೊತ್ತಿಲ್ಲದವರ ಹಾಗೆ ಹರಿಯುತ್ತಿತ್ತು. ಹನ್ನೊಂದು ವರ್ಷದಿಂದ ನಮ್ಮ ಮನೆಯ ಜಗಳದಲ್ಲಿ ಸಾಕ್ಷಿಯಾಗಿ ನಿಂತ ಹೊಳೆ ಇದೇ.

ಔರಾದ ಕರ್ನಾಟಕದ ಉತ್ತರದ ತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಮರಾಠಿಯಲ್ಲಿ ಉತ್ತರ, ಉರ್ದುವಿನಲ್ಲಿ ಚೌಕಾಸಿ. ಅಮರೇಶ್ವರ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈ ಮುಗಿದು, ಹೊಲದ ದಾರಿ ಹಿಡಿದೆವು.

ಕಾಕಾ ಹೊಲದಲ್ಲಿ ಎಳ್ಳಮಾಸಿಗೆ ಜೋಳದ ದಂಟಿನ ಕೊಂಪಿ ಕಟ್ಟುತ್ತಿದ್ದರು. ಉಸ್ತಾದರನ್ನು ನೋಡಿ, "ಯಾಕ ಖಾಲಿಪೀಲಿ ರೊಕ್ಕ ಹಾಳ್ ಮಾಡ್ತಿ?" ಅಂತ ನನಗೆ ಹೇಳಿ, ಆದರೂ ಶೆಡ್ಡಿನ ಬಾಗಿಲು ತೆಗೆದರು.

ಜೀಪಿನ ಮೇಲೆ ಕೋಳಿಗಳು ಕೂತಿದ್ದವು. ಬಿಳಿ ಬಣ್ಣ, ಅದರ ಕೆಳಗೆ ನೀಲಿ, ಅದರ ಕೆಳಗೆ ಮಿಲಿಟರಿ ಹಸಿರು. ಬಂಪರಿನ ಮೇಲೆ ಬಣ್ಣ ಎದ್ದ ಜಾಗದಲ್ಲಿ ಮೇಲ್ಮುಖದ ಬಾಣದ ಗುರುತು, ಪಕ್ಕದಲ್ಲಿ 68. ಸೇನೆಯ ಗಾಡಿಗಳ ನಂಬರು ಹೀಗೇ ಶುರುವಾಗುತ್ತದೆ. ಬಾಣದ ನಂತರದ ಎರಡು ಅಂಕಿ ಸೇನೆ ಆ ಗಾಡಿ ಪಡೆದ ವರ್ಷ. ಅಂದರೆ ಅಪ್ಪನಿಗಿಂತ ಜೀಪು ಎರಡೇ ವರ್ಷ ಚಿಕ್ಕದು.

ಒಂದೊಂದೇ ಬಿಡಿಸುತ್ತ

ಉಸ್ತಾದರು ಮೊದಲು ಗಾಲಿ ಮುಟ್ಟಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ನೆಲದ ಮೂರು ಲಿವರ್ ನೋಡಿದರು. ಒಂದು ಗೇರಿನದು. ಒಂದು ಮುಂದಿನ ಆಕ್ಸಲಿಗೂ ಇಂಜಿನ್ ಶಕ್ತಿ ಕೊಡುವುದು, ಅಂದರೆ ಫೋರ್ ವ್ಹೀಲ್. ಇನ್ನೊಂದು ಹೈ–ಲೋ. ಫೋರ್ ವ್ಹೀಲ್ ಲಿವರಿನ ಗುಂಡಿ ಮುರಿದುಹೋಗಿತ್ತು, ತುಂಡು ಕಡ್ಡಿ ಅಷ್ಟೇ. ಅದು ಮುಂದಿನ ಆಕ್ಸಲ್ ಸೇರಿಸಿದ ಸ್ಥಿತಿಯಲ್ಲೇ ತುಕ್ಕು ಹಿಡಿದಿತ್ತು.

"ಇದು ಯಾರು ಹಾಕಿದ್ರು?"

"ನಾನೇ. ಅವತ್ತು ಗಾಲಿ ಬಿಡ್ತದೇನೋ ಅಂತ ಫೋರ್ ವ್ಹೀಲ್ ಹಾಕಿ ಎಳಿಲಿಕ್ಕ ನೋಡ್ದೆ. ಆಗ್ಲಿಲ್ಲ, ಹಂಗೇ ಬಿಟ್ಟೆ" ಅಂದರು ಕಾಕಾ.

ಉಸ್ತಾದರು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಕಡೆ ಎತ್ತಿಸಿ, ಆಕ್ಸಲ್ ಕೆಳಗೆ ದಪ್ಪ ಕಟ್ಟಿಗೆಯ ದಿಮ್ಮಿ ಇಡಿಸಿದರು. "ಜ್ಯಾಕಿನ ಮ್ಯಾಲ ಭರೋಸಾ ಇಟ್ಟು ಕೆಳಗ ಹೋಗಬಾರ್ದು. ಅದು ಎತ್ತಲಿಕ್ಕ ಅಷ್ಟೇ." ಎರಡೂ ಗಾಲಿ ತಿರುಗಿಸಿ ನೋಡಿದೆ. ಗ್ಯಾರೇಜಿನವರು ಸುಳ್ಳು ಹೇಳಿರಲಿಲ್ಲ. ಎರಡೂ ಅಲ್ಲಾಡಲಿಲ್ಲ.

ಆಮೇಲೆ ಕೆಳಗೆ ಹೋಗಿ ಮುಂದಿನ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟು ಬಿಚ್ಚಿ, ಶಾಫ್ಟ್ ಕಳಚಿ ಪಕ್ಕಕ್ಕೆ ಕಟ್ಟಿದರು. ಬೋಲ್ಟುಗಳಿಗೆ ಡೀಸೆಲ್ ಹಾಕಿ ಕಾಯುವುದರಲ್ಲೇ ಅರ್ಧ ತಾಸು ಹೋಯಿತು. "ಈಗ ಎಡಗಾಲಿ ತಿರುಗ್ಸು."

ತಿರುಗಿತು. ಕಿರ್ ಅಂತ ಸಪ್ಪಳ ಮಾಡಿ, ಹನ್ನೊಂದು ವರ್ಷದ ನಂತರ ತಿರುಗಿತು. ಕಾಕಾ ಕೊಂಪಿಯ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರು.

ಇದರ ಲೆಕ್ಕ ಬಹಳ ಸರಳ, ಆದರೆ ಗೊತ್ತಿಲ್ಲದಿದ್ದರೆ ಎಂಥವರೂ ಮೋಸ ಹೋಗುತ್ತಾರೆ. ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ಗೆ ಮೂರು ಬಾಗಿಲು: ಎಡಗಾಲಿ, ಬಲಗಾಲಿ, ಪ್ರೊಪೆಲ್ಲರ್ ಶಾಫ್ಟ್. ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ತಾನಾಗಿ ನಿಲ್ಲುತ್ತದೆ. ಫೋರ್ ವ್ಹೀಲ್ ಹಾಕಿದ್ದರಿಂದ, ನೆಲದ ಮೇಲಿದ್ದ ಹಿಂದಿನ ಗಾಲಿಗಳು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿದ್ದವು. ಬಲಗಾಲಿ ಯಾವುದೋ ಕಾರಣಕ್ಕೆ ಸಿಕ್ಕಿಕೊಂಡಿತ್ತು. ಹಾಗಾಗಿ ಯಾವ ರೋಗವೂ ಇಲ್ಲದ ಎಡಗಾಲಿಯೂ ನಿಂತಿತ್ತು. ನೋಡಿದವರಿಗೆ ಆಕ್ಸಲ್ಲೇ ಹೋದ ಹಾಗೆ ಕಂಡಿತು.

ಉಸ್ತಾದರು ಕಳಚಿದ ಜಾಗದ ಫ್ಲಾಂಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎಡಗಾಲಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಲು ಹೇಳಿದರು. ಗೆರೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಿತು, ಎಲ್ಲೂ ಎಡವಲಿಲ್ಲ. "ಒಳಗಿನ ಹಲ್ಲು ಎಲ್ಲಾ ಸಾಬೂತ್ ಅದಾವ. ಡಿಫರೆನ್ಷಿಯಲ್ ಪಾಸ್."

ಉಳಿದದ್ದು ಬಲಗಾಲಿ. ಹಬ್ಬಿನ ನಡುವಿನ ನಟ್ಟು, ಸುತ್ತಲಿನ ಆರು ಬೋಲ್ಟು ತೆಗೆದು ಡ್ರೈವ್ ಫ್ಲಾಂಜ್ ಹೊರಗೆಳೆದರು. ಈ ಆಕ್ಸಲಿನ ರಚನೆಯೇ ಹಾಗೆ. ಗಾಲಿ ತನ್ನ ಬೇರಿಂಗಿನ ಮೇಲೆ ನಿಂತಿರುತ್ತದೆ, ಒಳಗಿನ ಶಾಫ್ಟ್ ಅದನ್ನು ತಿರುಗಿಸುತ್ತದೆ ಅಷ್ಟೇ. ಫ್ಲಾಂಜ್ ತೆಗೆದರೆ ಎರಡಕ್ಕೂ ಸಂಬಂಧ ಇಲ್ಲ. ಶಾಫ್ಟಿನ ತುದಿ ಹಿಡಿದು ತಿರುಗಿಸಿದರೆ ತಿರುಗಿತು. ಗಾಲಿ ತಿರುಗಲಿಲ್ಲ.

"ಆಕ್ಸಲಿಂದು ಏನೂ ತಪ್ಪಿಲ್ಲ" ಅಂದರು ಉಸ್ತಾದರು, ಕೈ ಒರೆಸಿಕೊಳ್ಳುತ್ತ. "ಇನ್ನ ಎರಡೇ ಉಳ್ದಾವ. ಬೇರಿಂಗ್, ಇಲ್ಲಾ ಬ್ರೇಕ್."

ಡ್ರಮ್ಮಿನೊಳಗೆ

ಮರುದಿನ ಬೆಳಿಗ್ಗೆ ಡ್ರಮ್ ತೆಗೆಯುವ ಕೆಲಸ. ಬ್ರೇಕಿನ ಹೊಂದಾಣಿಕೆ ಬೋಲ್ಟುಗಳನ್ನು ಸಡಿಲಿಸಿ, ಸುತ್ತಲೂ ಕಟ್ಟಿಗೆಯ ಸುತ್ತಿಗೆಯಿಂದ ತಟ್ಟುತ್ತ ಒಂದೂವರೆ ತಾಸು. ಕೊನೆಗೆ ಡ್ರಮ್ ಕೈಗೆ ಬಂತು. ಒಳಗೆ ಒಣಗಿದ ಹೊಳೆಯ ಮೆಕ್ಕಲು. ಕಾಕಾ ಅದನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಎದೆ ಧಸಕ್ ಅಂದಿತು.

ಉಸ್ತಾದರು ಮೊದಲು ನೀರು ಚಿಮುಕಿಸಿ ಧೂಳು ತೋಯಿಸಿದರು. ಹಳೆ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಊದಿದರೆ ಎದೆಗೆ ಕೆಟ್ಟದ್ದು. ನೀವು ಯಾರಾದರೂ ಹಳೆ ಗಾಡಿ ಬಿಚ್ಚುವವರಿದ್ದರೆ ಇದನ್ನು ಮರೆಯಬೇಡಿ. ಮೆಕ್ಕಲು ಒರೆಸಿದ ಮೇಲೆ ಬೇರಿಂಗ್ ತೋರಿಸಿದರು. ಗ್ರೀಸ್ ಗಟ್ಟಿಯಾಗಿತ್ತು, ಆದರೆ ರೋಲರು ಹೊಳೆಯುತ್ತಿದ್ದವು. ಆಮೇಲೆ ವ್ಹೀಲ್ ಸಿಲಿಂಡರ್ ಬಿಚ್ಚಿದರು. ಬ್ರೇಕ್ ಒತ್ತಿದಾಗ ಶೂಗಳನ್ನು ಡ್ರಮ್ಮಿಗೆ ತಳ್ಳುವ ಚಿಕ್ಕ ಸಿಲಿಂಡರ್ ಅದು. ಅದರೊಳಗಿನ ರಬ್ಬರ್ ಕಪ್ಪುಗಳು ನೆನೆಸಿದ ಕಡಲೆಯ ಹಾಗೆ ಉಬ್ಬಿ, ಪಿಸ್ಟನ್ನನ್ನು ಹೊರಗೇ ಹಿಡಿದುಕೊಂಡಿದ್ದವು. ಶೂ ಹಿಂದೆ ಬರಲು ಜಾಗವೇ ಇರಲಿಲ್ಲ.

ಉಸ್ತಾದರು ಕಪ್ಪನ್ನು ಬೆರಳಲ್ಲಿ ತಿಕ್ಕಿ ಮೂಸಿದರು. "ಇದಕ್ಕ ಗ್ರೀಸ್ ಹಚ್ಚ್ಯಾರ. ಬ್ರೇಕಿನ ರಬ್ಬರಿಗಿ ಗ್ರೀಸ್, ಡೀಸೆಲ್, ಇಂಜಿನ್ ಎಣ್ಣಿ ಯಾವುದೂ ಆಗಂಗಿಲ್ಲ. ಹಚ್ಚಿದ್ರ ಉಬ್ತದ. ಮೊದಮೊದಲು ಗಾಲಿ ಹಿಡಿದು ಹಿಡಿದು ಬಿಡ್ತದ, ಬಿಸಿ ಆಗ್ತದ, ಗಾಡಿ ಆ ಕಡಿ ಎಳಿತದ. ಕೊನೀಗಿ ಬಿಡೋದೇ ಇಲ್ಲ. ಯಾರು ಹಾಕ್ಯಾರ ಈ ಕಿಟ್?"

ಯಾರೂ ಮಾತಾಡಲಿಲ್ಲ. ಒಂದು ಕೋಳಿ ಬಾನೆಟ್ಟಿನ ಮೇಲಿಂದ ಇಳಿದು ಹೋಯಿತು.

"ನಾನೇ ಹಾಕೀನಿ" ಅಂದರು ಕಾಕಾ. "ಶಿವರಾತ್ರಿ ಮುಂದ. ಎಣ್ಣಿ ಸೋರ್ಲತ್ತಿತ್ತು. ಬೀದರದಿಂದ ಕಿಟ್ ತಂದು ಡೀಸೆಲ್‌ದಾಗ ತೊಳ್ದು, ಛಂದ ಕೂಡ್ಲಿ ಅಂತ ಗ್ರೀಸ್ ಹಚ್ಚಿ ಹಾಕಿದ್ದೆ."

ಶಿವರಾತ್ರಿ, ಯುಗಾದಿ, ಮೇ ತಿಂಗಳು. ತಾರೀಖುಗಳು ತಾವಾಗಿಯೇ ಸಾಲಾಗಿ ನಿಂತವು.

"ಹೊಳಿ ನೀರು?" ಕಾಕಾ ಮೆಲ್ಲಗೆ ಕೇಳಿದರು.

"ಹೊಳಿ ನೀರು ತುಕ್ಕು ಹಿಡಿಸ್ಯಾದ, ಅದು ಖರೆ. ಆದ್ರ ಗಾಲಿ ಹಿಡಿದದ್ದು ಹೊಳಿ ಅಲ್ಲ. ಹೊಳಿಗಿ ಹೋಗದಿದ್ರೂ ಇದು ನಿಲ್ತಿತ್ತು."

ಕಾಕಾ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕೂತರು. ಗೆದ್ದೆ ಅನಿಸಬೇಕಿತ್ತು ನನಗೆ. ಅನಿಸಲಿಲ್ಲ. ಗ್ರೀಸ್ ಹಚ್ಚಿದ್ದು ಕೆಟ್ಟ ಮನಸ್ಸಿನಿಂದಲ್ಲ, ಛಂದ ಕೂಡಲಿ ಅಂತ. ಅಪ್ಪ ಹೊಳೆಗೆ ಹೋದದ್ದೂ ಯಾರದೋ ಟ್ರಾಲಿ ಎಳೆಯಲಿಕ್ಕೆ. ಬಲಕ್ಕೆ ಎಳಿತದ ಅಂತ ಹೆಂಡತಿಗೆ ಹೇಳಿದ ಮಾತನ್ನು ಅಪ್ಪ ತಮ್ಮನಿಗೆ ಹೇಳಿದ್ದರೆ, ಗ್ರೀಸ್ ಹಚ್ಚಿದ ಮಾತನ್ನು ಕಾಕಾ ಅಣ್ಣನಿಗೆ ಹೇಳಿದ್ದರೆ, ಅರ್ಧ ದಿನದ ಕೆಲಸ. ಇಬ್ಬರ ಬಳಿಯೂ ಅರ್ಧರ್ಧ ಮಾತಿತ್ತು, ಯಾರೂ ಕೂಡಿಸಿ ನೋಡಲಿಲ್ಲ.

ನಾನು ಬೀದರಿಗೆ ಹೋಗಿ ಹೊಸ ಕಿಟ್, ಹೋಸ್ ಪೈಪು, ಬ್ರೇಕ್ ಎಣ್ಣೆ ತಂದೆ. ಬಿಲ್ಲು ನಾನು ಬೆಂಗಳೂರಲ್ಲಿ ಒಂದು ವಾರಾಂತ್ಯದ ಊಟಕ್ಕೆ ಕೊಡುವಷ್ಟೂ ಆಗಲಿಲ್ಲ. ಈ ಸಲ ರಬ್ಬರುಗಳನ್ನು ಬ್ರೇಕ್ ಎಣ್ಣೆಯಲ್ಲೇ ಅದ್ದಿ ಕೂರಿಸಿದರು. ಕೂರಿಸಿದ್ದು ಉಸ್ತಾದರಲ್ಲ. "ನಾ ಹೇಳ್ತೀನಿ, ನೀವು ಹಾಕ್ರಿ" ಅಂತ ಅವರು ಕಾಕಾನ ಕೈಗೇ ಕೊಟ್ಟರು.

ಎಳ್ಳಮಾಸಿ

ಇಂಜಿನ್ ಚಾಲೂ ಆಗಿಲ್ಲ, ಅದು ಇನ್ನೊಂದು ರಜೆಯ ಕೆಲಸ. ಆರ್‌ಸಿ ಅವಧಿಯೂ ಮುಗಿದಿದೆ. 15 ವರ್ಷ ದಾಟಿದ ಗಾಡಿಯನ್ನು ತಪಾಸಣೆ ಮಾಡಿಸಿ ನವೀಕರಿಸದೆ ರಸ್ತೆಗೆ ತರುವಂತಿಲ್ಲ. ಆದರೆ ಹೊಲ ನಮ್ಮದೇ. ಎಳ್ಳಮಾಸಿ ದಿನ ಚರಗದ ಬುಟ್ಟಿ, ಅಂಬಲಿಯ ಮಡಿಕೆ, ಭಜ್ಜಿಯ ಪಾತ್ರೆ, ಸಜ್ಜೆ ರೊಟ್ಟಿಯ ಗಂಟು ಎಲ್ಲವನ್ನೂ ಜೀಪಿನಲ್ಲಿಟ್ಟು, ಏಳು ಜನ ತಳ್ಳುತ್ತ ಕೊಂಪಿಯವರೆಗೆ ಒಯ್ದೆವು. ಸ್ಟೇರಿಂಗ್ ಹಿಡಿದವರು ಕಾಕಾ. ಕರಿಮಣ್ಣಿನ ಮೇಲೆ ನಾಲ್ಕೂ ಗಾಲಿಯ ಗುರುತು ಬಿತ್ತು. ಹಸಿಕಡಲೆ, ಅವರೆ, ಹಸಿ ತೊಗರಿ, ಹುಣಸೆ, ಕಡಲೆಹಿಟ್ಟು ಹಾಕಿ ಕುದಿಸಿದ ಭಜ್ಜಿಯನ್ನು ಉಸ್ತಾದರು ಮೂರು ಸಲ ಹಾಕಿಸಿಕೊಂಡರು.

ಗುಜರಿಯವನಿಗೆ ಕಾಕಾ ಏನು ಹೇಳಿದರೋ ಗೊತ್ತಿಲ್ಲ, ಮರುದಿನ ಲಾರಿ ಬರಲಿಲ್ಲ.

ನಾನು ಬೀದರ್ ಬಸ್ಸು ಹತ್ತಲು ಔರಾದ ಸ್ಟ್ಯಾಂಡಿಗೆ ಬಂದಾಗ ಕಾಕಾ ಬಿಳಿ ಟೊಪ್ಪಿಗೆ ಹಾಕಿ, ಸ್ಟೀಲ್ ಡಬ್ಬಿ ಹಿಡಿದು ಮೊದಲೇ ನಿಂತಿದ್ದರು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಸಂತಪುರ, ಕೌಠಾ, ಜನವಾಡ ಎಲ್ಲಾ ಹೋದವು, ಒಂದು ಮಾತಿಲ್ಲ.

ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕಾಕಾ ಚಪ್ಪಲಿ ಬಿಟ್ಟರು, ಡಬ್ಬಿ ಮುಂದೆ ಚಾಚಿದರು.

"ವೈನಿ, ಗಾಲಿ ತಿರುಗ್ತು. ಅಣ್ಣ ಮುರ್ದಿದ್ದಿಲ್ಲ."

"ಒಳಗ ಬಾ" ಅಂದಳು ಅವ್ವ. "ಚಾ ಇಡ್ತೀನಿ."